ಒಗಟು ಬಿಟ್ಟುಕೊಟ್ಟವಳು

ಆಸ್ಪತ್ರೆಯ ವರಾಂಡದಿಂದ
ಮಾರ್ಚ್ ೯, ಮಧ್ಯಾಹ್ನ

ಪ್ರೀತಿಯ ಮಗನಿಗೆ,

ಹೇಗಿದ್ದೀಯಪ್ಪಾ? ಕುಲುಮೆಯ ಹೊಗೆ ಕುಡಿದ ನಿನ್ನ ಎದೆಗೆ ಜೈಲಿನ ತಣ್ಣನೆಯ ನೆಲ ಒಗ್ಗುವುದಿಲ್ಲ. ಒಂದೇ ಕಂಬಳಿ ಇದ್ದರೆ ಹೊದೆಯುವ ಬದಲು ಹಾಸಿಕೋ. ನಾನು ಕಳಿಸಿದ ಸ್ವೆಟರನ್ನು ಪಕ್ಕದವನಿಗೆ ಕೊಟ್ಟಿರುತ್ತೀಯ, ದೊಡ್ಡ ದಾನಿ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ನನ್ನನ್ನು ಬಿಟ್ಟುಹೋಗದ ನೆಂಟ ಅದೊಂದೇ.

ಹೋದ ಪತ್ರದಲ್ಲಿ ನೀನು ಹೆಂಡತಿಯ ಬಗ್ಗೆ ಒಂದೇ ಸಾಲು ಬರೆದಿದ್ದೆ, ಅವಳು ಆ ಕಥೆಯ ಮದುಮಗಳೇ ಸರಿ ಎಂದು. ಚಿಕ್ಕವನಿದ್ದಾಗ ನಾನು ನಿನಗೆ ಓದಿ ಹೇಳುತ್ತಿದ್ದ ಹಳೆಯ ಹೀಬ್ರೂ ಕಥೆ ಅದು. ಬರಿಗೈಯಲ್ಲಿ ಸಿಂಹವನ್ನು ಸೀಳಿದ ಗಟ್ಟಿಗ, ಆಮೇಲೆ ಅದರ ಒಣಗಿದ ಎಲುಬಿನ ಗೂಡಿನಲ್ಲಿ ಜೇನು ಕಂಡ. ತನ್ನ ಮದುವೆಯೂಟದಲ್ಲಿ ಅದನ್ನೇ ಒಗಟು ಮಾಡಿ, ಪಣ ಕಟ್ಟಿ, ಹೆಣ್ಣಿನ ಊರಿನವರಿಗೆ ಒಡ್ಡಿದ. ಮದುಮಗಳು ಅತ್ತು ಕರೆದು ಉತ್ತರ ತಿಳಿದುಕೊಂಡು ಅವರಿಗೆ ಹೇಳಿಬಿಟ್ಟಳು. ನಿನಗೆ ಇಷ್ಟೇ ನೆನಪಿದೆ. ಅವಳು ಅತ್ತದ್ದು ಏಕೆ? ಉತ್ತರ ತಂದುಕೊಡದಿದ್ದರೆ ಅವಳನ್ನೂ ಅವಳಪ್ಪನ ಮನೆಯನ್ನೂ ಸುಡುತ್ತೇವೆಂದು ಅವರು ಹೆದರಿಸಿದ್ದರು. ಗಂಡನಿಗೆ ಅದನ್ನು ಹೇಳುವ ಧೈರ್ಯ ಅವಳಿಗಿರಲಿಲ್ಲ, ಅವನೂ ಕೇಳಲಿಲ್ಲ. ಸಿಂಹದ ಬಾಯಿ ಸೀಳಿದವನಿಗೆ ಹೆಂಡತಿಯ ಬಾಯಿ ಬಿಡಿಸಲಾಗಲಿಲ್ಲ.

ಕಾರ್ಖಾನೆಯ ಕುಲುಮೆ ಒಡೆದು ನಿನ್ನ ಜೊತೆಗಾರ ಸತ್ತ ಮೇಲೆ ನೀನು ಮುಷ್ಕರ ಕಟ್ಟಿದೆ. ಮಾಲೀಕ ಸುಳ್ಳು ಕೇಸು ಹಾಕಿಸಿದಾಗ ತಲೆಮರೆಸಿಕೊಂಡೆ. ನೀನಿದ್ದ ಜಾಗ ಅವಳೊಬ್ಬಳಿಗೇ ಗೊತ್ತಿತ್ತು. ಮಾಲೀಕನ ಕಡೆಯವರು ಅವಳಪ್ಪನ ಹಾಸಿಗೆ ಅಂಗಡಿಗೆ ಬಂದು, ಹತ್ತಿಯ ರಾಶಿಯ ಮೇಲೆ ಕೂತು, ಬೆಂಕಿಪೊಟ್ಟಣ ಆಡಿಸುತ್ತಾ ಮಾತಾಡಿದರಂತೆ. ಅವಳು ಹೇಳಿದಳು, ನೀನು ಸಿಕ್ಕಿಬಿದ್ದೆ. ಆ ಸಿಟ್ಟಿಗೆ ನಿನ್ನ ಗೆಳೆಯರು ಕಾರ್ಖಾನೆಯ ಗೋದಾಮು ಸುಟ್ಟರು. ಅದರ ಸೇಡಿಗೆ ಹೋದ ವಾರ ಹಾಸಿಗೆ ಅಂಗಡಿಗೆ ಬೆಂಕಿ ಬಿತ್ತು. ಆ ಕಥೆಯಲ್ಲೂ ಹೀಗೇ ಆಗುತ್ತದೆ ಮಗನೇ. ಅಷ್ಟು ದೂರ ಓದುವ ಮೊದಲೇ ನಿನಗೆ ನಿದ್ದೆ ಬಂದುಬಿಡುತ್ತಿತ್ತು.

ಬೀಗರು ಒಳಗೇ ತೀರಿಕೊಂಡರು. ಅವರನ್ನು ಎಳೆದು ತರಲು ಹೋದವಳು ಇಲ್ಲಿ ಮಲಗಿದ್ದಾಳೆ, ಮೈಗೆ ಬಟ್ಟೆ ತಾಗಿಸುವಂತಿಲ್ಲ. "ಹೇಳಿದ್ರೆ ಅಪ್ಪ ಉಳ್ಕೋತಾರೆ ಅಂದ್ಕೊಂಡೆ ಅತ್ತೆ" ಎಂದಳು, ಅಷ್ಟೇ. ನಿನ್ನ ಬಗ್ಗೆ ಕೇಳಲಿಲ್ಲ. ಕೇಳುವ ಹಕ್ಕು ತನಗಿಲ್ಲ ಎಂದುಕೊಂಡಿದ್ದಾಳೆ. ಅವಳನ್ನು ಕ್ಷಮಿಸು ಎಂದು ನಾನು ಹೇಳುವುದಿಲ್ಲ. ಅದು ಹೇಳಿಸಿಕೊಂಡು ಬರುವಂಥದ್ದಲ್ಲ. ಒಂದು ಸಾಲು ಬರೆ ಸಾಕು, ಅವಳ ಕಿವಿಯ ಹತ್ತಿರ ಕೂತು ಓದುತ್ತೇನೆ.

ಎಲ್ಲಿದ್ದರೂ ತಣ್ಣಗಿರು ಕಂದಾ.

ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನರ್ಸ್ ಬಂದು ಕರೆದರು. ನಿನ್ನ ಹೆಂಡತಿ ಹೋಗಿಬಿಟ್ಟಳು. ಇನ್ನು ಸಾಲು ಬೇಡ. ಇದನ್ನು ಅಂಚೆಗೆ ಹಾಕದೆ ಜೈಲಿನ ಬಾಗಿಲಿಗೆ ನಾನೇ ತರುತ್ತಿದ್ದೇನೆ. ಮಣ್ಣಿಗೆ ಬರಲು ಸ್ವಲ್ಪ ಹೊತ್ತು ಬಿಡುತ್ತಾರಂತೆ. ಆದರೆ ಕೈದಿಯೇ ಬಾಯಿಬಿಟ್ಟು ಕೇಳಬೇಕಂತೆ, ತಾಯಿ ಕೇಳಿದರೆ ನಡೆಯದಂತೆ. ನೀನು ಕೇಳುವವನಲ್ಲ, ಗೊತ್ತು. ಆದರೂ ನಾಳೆ ಸಂಜೆಯವರೆಗೆ ಮಣ್ಣು ಮಾಡಬೇಡಿ ಎಂದು ಹೇಳಿ ಬಂದಿದ್ದೇನೆ.