ಮೊಲದ ಹೊಟ್ಟೆಯೊಳಗಿನ ಹಸಿರು ಬಟ್ಟೆ

ಟೆಂವಾ,

ಮೊಲದೊಳಗೆ ಏನಿದೆ ಎಂದು ನಿನಗೆ ಗೊತ್ತಿತ್ತೋ, ಇಲ್ಲವೋ?

ನಾವಿಬ್ಬರೂ ಹಿಡಿದು ಬೆಳೆದ ಬಟ್ಟೆಯ ಮೊಲ, ಈಗ ನಿನ್ನ ಮಗಳದ್ದು, ಬೆನ್ನು ಹರಿದುಕೊಂಡಿತ್ತು. ನಾನು ಹೊಲಿಯಲು ಕೂತಾಗ ಹತ್ತಿಯ ನಡುವೆ ಅಮ್ಮ ಸೊಂಟಕ್ಕೆ ಸುತ್ತುತ್ತಿದ್ದ ಹಸಿರು ಚಿಟೆಂಜೆ ಮಡಿಚಿಟ್ಟಿದ್ದು ಕಂಡಿತು. ಅಮ್ಮ ಸತ್ತ ಮೇಲೆ ಅವಳ ಬಟ್ಟೆಗಳನ್ನು ನೆಂಟರಿಗೆ ಹಂಚುವಾಗ ಕಾಣೆಯಾದದ್ದು ಇದೇ. ಚಿಕ್ಕಮ್ಮ ಕದ್ದಳು ಎಂದು ನಾವಿಬ್ಬರೂ ಎಲ್ಲರೆದುರು ಅಂದೆವು. "ಲುಸುಂಗು, ನಾನು ಕಳ್ಳೀನೇನೋ? ಬಾ, ನನ್ನ ಮಡಕೆ ತಳಾನೂ ಕೆರೆದು ನೋಡ್ಕೋ!" ಎಂದು ನನ್ನತ್ತ ಕೂಗಿ ಹೋದವಳು ಎರಡು ವರ್ಷದಿಂದ ನಮ್ಮ ಹೊಸಿಲು ತುಳಿದಿಲ್ಲ.

ಮೊದಲು ನಿನ್ನ ಮೇಲೆಯೇ ಅನುಮಾನ ಬಂತು. ಆಮೇಲೆ ಹೊಟ್ಟೆಯ ಕಡೆಯ ಹೊಲಿಗೆ ನೋಡಿದೆ. ನೀನು ಹಾಗೆ ಹೊಲಿಯುವವಳಲ್ಲ. ಬೆರಳಗಲಕ್ಕೊಂದು ಗಂಟು, ಬಲೆ ಹೆಣೆಯುವವರು ಹಾಕುವಂಥದ್ದು. ದಾರವೂ ಬಲೆಯದ್ದೇ.

ಹಳೆಯ ಹತ್ತಿಯನ್ನು ಎಸೆಯಬೇಡ. ಬಟ್ಟೆಯನ್ನು ಒಗೆಯದೆ ಇದ್ದಲ್ಲೇ ಇಟ್ಟು, ಬೆನ್ನು ಮಾತ್ರ ಹೊಲಿ. ಆ ಗಂಟುಗಳನ್ನು ಮುಟ್ಟಬೇಡ.

ಮೀನು ಬಿಸಿಲಿಗೆ ಹಾಕಿದ್ದೇನೆ. ಇವತ್ತಾದರೂ ಕಾಗೆ ಬಾರದಂತೆ ನೋಡಿಕೋ.

ಅಪ್ಪ ಬಲೆ ಹೊತ್ತು ಸರೋವರದಿಂದ ಬಂದರೆ ಏನೂ ಕೇಳಬೇಡ. ನಾನು ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದೇನೆ. ಬಾಗಿಲು ತೆರೆದರೆ ಮೊಣಕಾಲೂರಿ ನಮ್ಮಿಬ್ಬರ ಪರವಾಗಿ ಕ್ಷಮೆ ಕೇಳುತ್ತೇನೆ.

ನಾವು ಅವಳನ್ನು ಕಳ್ಳಿ ಎಂದ ದಿನ ಅಪ್ಪ ಅಂಗಳದಲ್ಲೇ ತಲೆ ತಗ್ಗಿಸಿ ಕೂತಿದ್ದ. ಬಟ್ಟೆ ತನ್ನ ಹತ್ತಿರ ಇದೆ ಎಂದು ಅವನು ಹೇಳಲಿಲ್ಲ.