ಎನಿಡ್ ಹೆಸರಿನ ಕರೆಂಟು

ಗ್ರಿಮ್ಸ್‌ಬಿ,
22 ಜನವರಿ 2019

ಪ್ರೀತಿಯ ಮ್ಯೂರಿಯಲ್,

ಕ್ರಿಸ್‌ಮಸ್‌ಗೆ ನೀನು ಕಳಿಸಿದ ಕೇಕು ಮುಗಿದು, ಆ ಡಬ್ಬಿಯಲ್ಲಿ ಈಗ ಸೂಜಿ ದಾರ ಇಟ್ಟುಕೊಂಡಿದ್ದೇನೆ. ಒಂದು ಸಾಲೂ ಬರೆಯಲಿಲ್ಲವೆಂದು ಬೈಯುತ್ತಿರುತ್ತೀಯ. ಬೈ, ಆದರೆ ಪೂರ್ತಿ ಓದಿ ಆಮೇಲೆ ಬೈ. ಫೋನಿನಲ್ಲಾದರೆ "ವಿನ್, ನಿಂಗೆ ತಲೆ ಕೆಟ್ಟಿದೆ" ಅಂತ ನಡುವೆಯೇ ಬಾಯಿ ಹಾಕುತ್ತೀಯ. ಅದಕ್ಕೇ ಕಾಗದ. ಶನಿವಾರ ನಿನ್ನ ಮಗ ನಾರ್ಮನ್ ವ್ಯಾನು ತಂದು ನಮ್ಮ ದೊಡ್ಡ ಮಂಚ ಒಯ್ಯುತ್ತಾನಲ್ಲ, ಆ ವಿಷಯ ಕೊನೆಗೆ ಬರೆಯುತ್ತೇನೆ.

ನನ್ನ ಮನೆ ಮಾಲೀಕ ಗಾರ್ಬಟ್ ಮುದುಕ ಗೊತ್ತಲ್ಲ, ನಾನು ಕೆಳಗೆ, ಅವನು ಮೇಲೆ. ಸ್ಟ್ಯಾನ್ ತೀರಿಕೊಂಡಮೇಲೆ ಗಂಡನ ಕೆಮ್ಮು ಕೇಳಿಸದ ಆ ಹಳೇ ಮನೆಯಲ್ಲಿ ಇರಲಾರದೆ ಇಲ್ಲಿಗೆ ಬಂದೆನಲ್ಲ, ಆವತ್ತೇ ಮುದುಕ ಹೇಳಿದ್ದ: "ಗೋಡೆಗೆ ಯಾವ ಬಣ್ಣ ಬೇಕಾದ್ರೂ ಹೊಡ್ಕೊಳ್ಳಿ, ಬೆಕ್ಕು ಸಾಕ್ಕೊಳ್ಳಿ. ಕರೆಂಟ್ ಕಂಪನಿ ಮಾತ್ರ ಬದಲಾಯಿಸ್ಬೇಡಿ." ಬಿಲ್ಲು ಬರುತ್ತಿದ್ದುದು ಅವನ ಹೆಂಡತಿ ಎನಿಡ್ ಹೆಸರಿಗೆ, ಕಟ್ಟುವವಳು ನಾನು. ಬಾಡಿಗೆ ಕಡಿಮೆಯೆಂಬ ಆಸೆಗೆ ಹೂಂ ಅಂದೆ. ಎನಿಡ್‌ಳನ್ನು ನಾನು ಕಂಡೇ ಇರಲಿಲ್ಲ. ದಿನಾ ಸಂಜೆ ಅವನು ಎರಡು ಕಪ್ಪು ಚಹಾ ಹಿಡಿದು ಮೆಟ್ಟಿಲು ಹತ್ತುತ್ತಿದ್ದ. ಪಾಪ, ಹಾಸಿಗೆ ಹಿಡಿದಿರಬೇಕು ಅಂದುಕೊಂಡಿದ್ದೆ.

ಆದರೆ ಆ ಬಿಲ್ಲು! ಮೂಗಿಗಿಂತ ಮೂಗುತಿ ಭಾರ. ಹೀಟರ್ ಆರಿಸಿ, ಕೋಟು ಹಾಕಿಕೊಂಡು ಕೂತು ಸೂಪು ಕುಡಿದೆ, ಆದರೂ ಇಳಿಯಲಿಲ್ಲ. ಹೀಗೇ ಆದರೆ ಈ ಮನೆಯನ್ನೂ ಬಿಡಬೇಕಿತ್ತು. ಇನ್ನೊಂದು ಸಲ ಸ್ಟ್ಯಾನ್‌ನ ಅಂಗಿಗಳನ್ನು ಮಡಚಿ ಪೆಟ್ಟಿಗೆಗೆ ತುಂಬುವ ಶಕ್ತಿ ನನಗಿಲ್ಲ ಮ್ಯೂರಿಯಲ್.

ಪೇಟೆಯ ಸಲಹಾ ಕೇಂದ್ರಕ್ಕೆ ಹೋದೆ. ಅಲ್ಲಿದ್ದ ಹೆಂಗಸು ಹೇಳಿದಳು: "ಬಿಲ್ ಕಟ್ಟೋರು ನೀವು ತಾನೇ? ಹಾಗಾದ್ರೆ ಖಾತೆ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ, ಆಮೇಲೆ ಯಾವ ಕಂಪನಿ ಅನ್ನೋದು ನಿಮ್ಮಿಷ್ಟ. ಮಾಲೀಕರಿಗೆ ಒಂದು ಮಾತು ತಿಳಿಸಿ. ಅವರು ಸುಮ್‌ಸುಮ್ನೆ ಅಡ್ಡ ಬರೋ ಹಾಗಿಲ್ಲ."

ಮನೆಗೆ ಬಂದು ಕಂಪನಿಗೆ ಫೋನ್ ಮಾಡಿದೆ. ಆ ಕಡೆಯವಳು ತುಂಬ ವಿನಯದಿಂದ, "ಹೆಸರು ಬದಲಾಯಿಸೋಕೆ ಮಿಸೆಸ್ ಗಾರ್ಬಟ್ ಅವರೇ ಮಾತಾಡ್ಬೇಕು. ತಿಂಗಳು ತಿಂಗಳೂ ಅವರೇ ಫೋನ್ ಮಾಡಿ ಮೀಟರ್ ರೀಡಿಂಗ್ ಹೇಳ್ತಾರಲ್ಲ" ಅಂದಳು.

ಮೀಟರ್ ಇರುವುದು ನನ್ನ ಅಡುಗೆಮನೆಯ ಕಪಾಟಿನಲ್ಲಿ. ಅದರ ಬಾಗಿಲಿಗೆ ನಾನೇ ಇಸ್ತ್ರಿ ಹಲಗೆ ಒರಗಿಸಿಟ್ಟಿರುತ್ತೇನೆ.

ಮುದುಕನಿಗೆ ಮೆಟ್ಟಿಲ ಬಳಿ ವಿಷಯ ತಿಳಿಸಿದೆ. ಮುಖ ಬಿಳುಚಿಕೊಂಡಿತು. "ಎನಿಡ್‌ನ ಒಂದ್ಮಾತು ಕೇಳ್ಬೇಕು" ಅಂದ. "ಕೇಳೋಣ ನಡೀರಿ, ನಾನೂ ಬರ್ತೀನಿ" ಎಂದು ಹಿಂದೆಯೇ ಹತ್ತಿದೆ. ನನ್ನ ಸ್ವಭಾವ ನಿನಗೆ ಗೊತ್ತೇ ಇದೆ.

ಕೋಣೆ ಬೆಚ್ಚಗಿತ್ತು. ಹೀಟರ್ ಉರಿಯುತ್ತಿತ್ತು, ಅದರ ವೈರು ನೆಲದ ತೂತಿನಲ್ಲಿ ಕೆಳಗೆ, ನನ್ನ ಮನೆ ಕಡೆಗೆ ಇಳಿದಿತ್ತು. ಒಂದು ಮಂಚ, ಎರಡು ದಿಂಬು. ನಮ್ಮಲ್ಲಿ ಇರುವಂಥದ್ದೇ ಕರೆಂಟಿನ ಬಿಸಿ ಹಾಸು, ಎರಡು ಮಗ್ಗುಲಿಗೂ ಬೇರೆ ಬೇರೆ ಸ್ವಿಚ್ಚು. ಕಿಟಕಿ ಕಡೆಯದರ ಕೆಂಪು ದೀಪ ಉರಿಯುತ್ತಿತ್ತು. ಮಂಚದ ಮೇಲೆ ಯಾರೂ ಇರಲಿಲ್ಲ.

"ಹನ್ನೊಂದು ವರ್ಷ ಆಯ್ತು" ಅಂದ ಮುದುಕ. "ಅವಳಿಗೆ ಚಳಿ ತಡೀತಿರ್ಲಿಲ್ಲ."

ಹಾಸಿನ ಮೇಲೆ ಅಂಗೈ ಇಟ್ಟೆ. ಬಿಸಿಯಿತ್ತು, ಅದು ಸರಿ. ಅಲ್ಲೊಂದು ಮೈಯಗಲದ ತಗ್ಗಿತ್ತು. ಹಳೇ ಹಾಸಿಗೆ, ಕುಸಿದಿರಬಹುದು ಎಂದುಕೊಂಡೆ. ಆದರೆ ನಾನು ಕೈಯಿಟ್ಟಿರುವಾಗಲೇ ಆ ತಗ್ಗು ಮೆಲ್ಲಗೆ ಮೇಲಕ್ಕೆದ್ದು ಬಂತು, ಯಾರೋ ಪಕ್ಕಕ್ಕೆ ಸರಿದು ಜಾಗ ಬಿಟ್ಟ ಹಾಗೆ. ಕೈ ಹಿಂದಕ್ಕೆಳೆದುಕೊಂಡೆ.

ಹೆದರಿಕೆಗೆ ನನಗೆ ಬರುವುದು ಸಿಟ್ಟು. "ನಾನು ಕೆಳಗೆ ಕೋಟು ಹಾಕ್ಕೊಂಡು ನಡುಗ್ತಿದ್ರೆ, ನೀವು ನನ್ನ ಮೀಟರಿಂದ ವೈರ್ ಎಳ್ದು ಸತ್ತೋರಿಗೆ ಬಿಸಿ ಕೊಡ್ತಿದ್ರಾ?" ಎಂದು ಕೂಗಿದೆ.

"ತಪ್ಪು ನಂದೇ. ಹಕ್ಕು ನಿಮ್ದೇ" ಅಂದ. "ಆದ್ರೆ ಹೆಸರು ತೆಗೀಬೇಕಂದ್ರೆ ಅವಳು ಸತ್ತಳು ಅಂತ ಹೇಳ್ಬೇಕಲ್ಲ. ಪಾದ್ರಿಗೆ ಹೇಳ್ದೆ, ಬ್ಯಾಂಕಿಗೆ ಹೇಳ್ದೆ. ಕರೆಂಟಿನೋರಿಗೆ ಮಾತ್ರ ಹೇಳ್ಲಿಲ್ಲ. ಅವರು ಆಗಾಗ ಫೋನ್ ಮಾಡಿ 'ಎನಿಡ್ ಇದಾರಾ' ಅಂತ ಕೇಳ್ತಾರೆ. ಮೇಲಿದಾಳೆ ಅಂತೀನಿ. ಈ ಊರಲ್ಲಿ ಇನ್ಯಾರು ಅವಳನ್ನ ಕೇಳ್ತಾರೆ, ಹೇಳಿ?"

"ರೀಡಿಂಗ್ ಹೇಳೋದು ಯಾರು ಹಾಗಾದ್ರೆ?"

"ನಾನಂತೂ ಅಲ್ಲಮ್ಮ" ಅಂದ. ಅವನಿಗೆ ನನಗಿಂತ ಹೆಚ್ಚು ಆಶ್ಚರ್ಯವಾಗಿದ್ದಂತೆ ಕಂಡಿತು. ಆಮೇಲೆ ಮುಖ ಸಣ್ಣಗೆ ಅರಳಿತು, ಅದನ್ನು ನೋಡಿ ನನಗೆ ಇನ್ನೂ ಭಯವಾಯಿತು.

ಮರುದಿನ ಅವನೇ ಕೆಳಗಿಳಿದು ಬಂದು, ನನ್ನ ಅಡುಗೆಮನೆಯಲ್ಲಿ ಟೋಪಿ ತೆಗೆದಿಟ್ಟು ಕೂತು, ನನ್ನ ಫೋನಿನಿಂದ ಕಂಪನಿಗೆ ಹೇಳಿದ. ನನಗೂ ಕೇಳಿಸುತ್ತಿತ್ತು. ಆ ಕಡೆಯವಳು ಸಂತಾಪ ಹೇಳಿ, "ಯಾವತ್ತು ತೀರ್ಕೊಂಡ್ರು?" ಎಂದು ಕೇಳಿದಳು. ಅವನು ಬಹಳ ಹೊತ್ತು ಸೂರು ನೋಡಿದ. ಆಮೇಲೆ, "ಇವತ್ತು" ಅಂದ. ನಾನು ಅತ್ತುಬಿಟ್ಟೆ ಕಣೇ.

ಈಗ ಅವನ ಮೀಟರ್ ಬೇರೆ, ನನ್ನದು ಬೇರೆ. ಖಾತೆ ನನ್ನ ಹೆಸರಿಗಾಯಿತು, ಅಗ್ಗದ ಹೊಸ ಕಂಪನಿಗೂ ಬದಲಾಯಿಸಿದೆ. ಮನೆ ಬಿಡುವ ಮಾತಿಲ್ಲ. ಕೋಟು ಗೂಟಕ್ಕೆ ಹೋಗಿದೆ. ಮುದುಕ ಒಂದೇ ಕಪ್ಪು ಚಹಾ ಹಿಡಿದು ಹತ್ತುತ್ತಾನೆ. ನೀನು ಹೊರಗೆ ಹೋಗುವಾಗ ಆ ನೀಲಿ ಸ್ಕಾರ್ಫು ಮರೆಯಬೇಡ. ದೇವರು ನಿನ್ನ ಮಂಡಿನೋವು ಇಳಿಸಲಿ, ನಾರ್ಮನ್‌ಗೂ ಮಕ್ಕಳಿಗೂ ಒಳ್ಳೆಯದು ಮಾಡಲಿ.

ನಿನ್ನ,
ವಿನ್

ತಾ.ಕ. ಇವತ್ತು ಬೆಳಗ್ಗೆ ಹೊಸ ಕಂಪನಿಗೆ ಮೊದಲ ರೀಡಿಂಗ್ ಹೇಳಲು ಫೋನ್ ಮಾಡಿದೆ. "ಆಗ್ಲೇ ಬಂತಲ್ಲ ಮೇಡಂ, ನಿಮ್ಮ ಮನೆಯವರು ಕೊಟ್ರು" ಅಂದಳು. "ಯಾರು?" ಎಂದೆ. "ಹೆಸರು ಹೇಳ್ಲಿಲ್ಲ. ತುಂಬಾ ಕೆಮ್ತಾ ಇದ್ರು. ವಿನ್ ಮಲಗಿದಾಳೆ, ಎಬ್ಬಿಸ್ಬೇಡಿ ಅಂದ್ರು." ಮುದುಕನಿಗೆ ಕೆಮ್ಮಿಲ್ಲ ಮ್ಯೂರಿಯಲ್. ನಿನಗೆ ನಾನು ಹೇಳಿರಲಿಲ್ಲ: ನಮ್ಮ ಬಿಸಿ ಹಾಸಿನಲ್ಲಿ ಸ್ಟ್ಯಾನ್ ಮಗ್ಗುಲಿನ ಸ್ವಿಚ್ಚನ್ನು ನಾನು ಒಂದು ದಿನವೂ ಆರಿಸಿಲ್ಲ. ಶನಿವಾರ ವ್ಯಾನು ತರಬೇಡ ಎಂದು ನಾರ್ಮನ್‌ಗೆ ಹೇಳಿಬಿಡು. ಮಂಚ ಇಲ್ಲೇ ಇರಲಿ.