ಅತ್ತೆಯ ಕಾಯಿಲೆ

ಕ್ರಿಸಾಂತೊ,

ಮೀನಿನ ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊ. ಕಿಟಕಿಯಾಚೆ ಒಣಹಾಕಿದ ಬಟ್ಟೆ ಒಳಗೆ ತಾ.

"ಅಮ್ಮಂಗೆ ತುಂಬಾ ಸೀರಿಯಸ್ಸು, ಕೆಲಸ ಬಿಟ್ಟು ಊರಿಗೆ ಹೋಗಿ ನೋಡ್ಕೊ" ಎಂದು ತಿಂಗಳಿಂದ ಪೀಡಿಸುತ್ತಿದ್ದೆಯಲ್ಲ, ಅನುಮಾನ ಬಂದು ನಿನ್ನೆ ಅತ್ತೆಗೇ ಫೋನ್ ಮಾಡಿದೆ. ಮೀನು ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುತ್ತಿದ್ದರು. "ನಂಗೇನಾಗಿದೆ ಮಗಳೇ, ಗುಂಡುಕಲ್ಲಿನ ಹಾಗಿದೀನಿ!" ಎಂದರು.

ನಾನು ಹೋಗಿದ್ದರೆ ಕೆಲಸದ ವೀಸಾ ತಪ್ಪಿ, ಕಾಯಂ ವಾಸದ ಹಕ್ಕಿಗೆಂದು ಹಾಂಗ್‌ಕಾಂಗ್‌ನಲ್ಲಿ ಬಿಡದೆ ಕಳೆದ ಏಳು ವರ್ಷ ನೀರುಪಾಲಾಗುತ್ತಿತ್ತು. ನಿನಗದು ಗೊತ್ತಿರಲಿಲ್ಲವೇ? ನಡುವೆ ಕೆಲಸ ಹೋಗಿ ನಿನ್ನ ಏಳು ವರ್ಷದ ಲೆಕ್ಕ ಮೊದಲಿನಿಂದ ಶುರುವಾಯಿತು ಎಂದು ನನ್ನದನ್ನೂ ಮುರಿಯಬೇಕಿತ್ತೇ?

ಕಾಯಂ ವಾಸದ ಅರ್ಜಿ ಕೊಡಲು ಹೊರಟಿದ್ದೇನೆ. ಅದು ಸಿಕ್ಕರೆ ನನ್ನ ಗಂಡನೆಂದು ನಿನ್ನನ್ನೂ ಇಲ್ಲೇ ಉಳಿಸಿಕೊಳ್ಳಬಹುದು ಎಂದುಕೊಂಡಿದ್ದೆ. ಉಳಿಸಿಕೊಳ್ಳಬೇಕೇ ಎಂದು ದಾರಿಯಲ್ಲಿ ಯೋಚಿಸುತ್ತೇನೆ.

ಲಿಗಾಯ